ಹೆಡ್‌ಲೈಟ್ ವಾಷರ್‌ನ ಎರಡು ಮುಚ್ಚಳಕ್ಕ ಮೂರು ತಿಂಗಳು

ಸಂಕ್ರಾಂತಿಗೆ ಎರಡು ದಿನ ಇದ್ದಾಗ ನನ್ನ ಗಾಡಿಯ ಹೆಡ್‌ಲೈಟ್ ವಾಷರ್, ಅಂದ್ರ ಹೆಡ್‌ಲೈಟಿಗೆ ನೀರು ಹೊಡದು ತೊಳಿಯೋ ಸಾಮಾನು, ಅದರ ಕೆಲಸ ಮುಗೀತು. ಶುರು ಮಾಡಿದ್ದು ದಸರಾ ಆದ ವಾರಕ್ಕ. ನಡುವ ಏನೇನಾತು ಅಂತ ಮರೆಯೋಕಿಂತ ಮೊದ್ಲು ಬರದು ಇಡ್ತೀನಿ, ಯಾಕಂದ್ರ ನಾ ಶುರು ಮಾಡೋವಾಗ ಕನ್ನಡದಾಗ ಇದರ ಬಗ್ಗೆ ಒಂದು ಸಾಲು ನಂಗ ಸಿಗ್ಲಿಲ್ಲ, ಇಂಗ್ಲಿಷಿನಾಗ ಸಿಕ್ಕಿದ್ದೆಲ್ಲಾ ಹೊರದೇಶದವ್ರು ಬರದಿದ್ದು, ಅವ್ರ ತ್ರಾಸು ಏನಂದ್ರ ಚಳಿಗಾಲದಾಗ ವಾಷರ್ ನೀರು ಹೆಪ್ಪುಗಟ್ತದ ಅನ್ನೋದು. ನಮ್ಮ ಕಲಬುರಗ್ಯಾಗ ನೀರು ಹೆಪ್ಪುಗಟ್ಟೋದಿಲ್ಲ, ಸೀದಾ ಕಲ್ಲೇ ಆಗ್ತದ. ಅದನ್ನ ಆಮ್ಯಾಲ ಹೇಳ್ತೀನಿ.

ಗಾಡಿ 2010ರ ಸ್ಕೋಡಾ ಸೂಪರ್ಬ್, ಕ್ಯಾಪುಚಿನೊ ಬೇಜ್ ಬಣ್ಣ, ಕೆಎ 32 ನಂಬರು. ನಮ್ಮ ಸೋದರಮಾವ ಹೊಸಾದು ತಗೊಂಡಿದ್ದು, ನಾಲ್ಕು ವರ್ಷದ ಹಿಂದ ಅವ್ರ ಕಣ್ಣಿನ ಆಪರೇಷನ್ ಆತು, ರಾತ್ರಿ ಓಡ್ಸೋದು ಆಗಂಗಿಲ್ಲ ಅಂತ ನಂಗ ಕೊಟ್ರು. ಪುಕ್ಕಟೆ ಅಲ್ಲ ಮತ್ತ, ರೊಕ್ಕ ಎಣಿಸಿ ತಗೊಂಡಾರ. ನನ್ನ ಕೆಲಸ ಸೇಡಂ ಕಡೆ, ಶಿಫ್ಟ್ ಡ್ಯೂಟಿ, ವಾರಕ್ಕ ಮೂರು ಸಲ ಆದ್ರೂ ರಾತ್ರಿ ಮಳಖೇಡ ದಾಟಿ ಬರಬೇಕು. ಆ ರೋಡಿನ ಧೂಳು ಗೊತ್ತಿದ್ದವ್ರಿಗೆ ಗೊತ್ತು. ಸಿಮೆಂಟ್ ಟ್ಯಾಂಕರ್, ಫರಸಿ ಕಲ್ಲಿನ ಲಾರಿ, ತೊಗರಿ ರಾಶಿ ಟೈಮಿಗೆ ಟ್ರ್ಯಾಕ್ಟರ್ ಬ್ಯಾರೆ, ಎದುರಿಗೆ ಒಂದು ಹೋತಂದ್ರ ಮುಂದಿನ ಎರಡು ನಿಮಿಷ ಹಿಟ್ಟಿನ ಗಿರಣಿ ಒಳಗ ಗಾಡಿ ಓಡ್ಸಿದಂಗ. ಮನಿಗೆ ಬಂದು ಹೆಡ್‌ಲೈಟ್ ಮ್ಯಾಲ ಬೆರಳಾಡ್ಸಿದ್ರ ಹೆಸರು ಬರೀಬಹುದು.

ಮುಂದಿನ ಬಂಪರಿನಾಗ, ಎರಡೂ ಹೆಡ್‌ಲೈಟಿನ ಕೆಳಗ ಒಂದೊಂದು ಚೌಕ ತೂತು ಇದ್ವು. ಗಾಡಿ ನನ್ನ ಕೈಗೆ ಬಂದಾಗಿಂದ ಹಂಗೇ ಇದ್ವು, ನಾನೂ ತಲಿ ಕೆಡಿಸ್ಕೊಂಡಿದ್ದಿಲ್ಲ, ಹಳೆ ಗಾಡಿ ಏನೋ ಬಿದ್ದಿರ್ತದ ಅಂತ. ದಸರಾಕ್ಕ ಗಾಡಿ ತೊಳೆದು ಪೂಜಿ ಮಾಡೋವಾಗ ನನ್ನ ಮಗಳು ಬಲಗಡೆ ತೂತಿನಾಗ ಬೆರಳು ಹಾಕಿ ಚೀರಿದ್ಲು, ನೋಡಿದ್ರ ಒಳಗ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಆರಾಮ್ ಸಂಸಾರ ಮಾಡ್ಲಕತ್ತದ. ಹುಳ ಕಡೀಲಿಲ್ಲ, ಪುಣ್ಯ. ಆದ್ರ ಗೂಡು ಕೆದರಿ ತಗದಾಗ ಹಿಂದ ಒಂದು ಕರಿ ಪ್ಲಾಸ್ಟಿಕ್ ನಳಿಕಿ ತುಂಡು ಕಾಣ್ತು. ಅವತ್ತು ರಾತ್ರಿ ಕೂತು ಹುಡುಕಿದ ಮ್ಯಾಲ ಗೊತ್ತಾತು ಇದು ಹೆಡ್‌ಲ್ಯಾಂಪ್ ವಾಷರ್ ಅಂತ. ಮತ್ತ ಡಿಸೆಂಬರಿಗೆ ಗಾಡಿಗೆ 15 ವರ್ಷ ತುಂಬ್ತಿತ್ತು, ಆರ್‌ಸಿ ರಿನ್ಯೂವಲ್ ಮಾಡ್ಸಬೇಕು, ಹೆಂಗೂ ಗಾಡಿ ಒಂದು ಸಲ ನೀಟ್ ಮಾಡ್ಸೋದದಲ್ಲ, ಎರಡು ಮುಚ್ಚಳ ತಂದು ಹಾಕಿಬಿಟ್ರಾತು ಅಂದ್ಕೊಂಡೆ. ಎರಡು ಮುಚ್ಚಳ. ಅಷ್ಟೇ ಅಂದ್ಕೊಂಡಿದ್ದೆ.

ಇದು ಯಾಕ ಇರ್ತದ ಅಂತ ಜರಾ ಹೇಳ್ತೀನಿ. ಸಾದಾ ಎಚ್7 ಹ್ಯಾಲೊಜನ್ ಬಲ್ಬು 55 ವ್ಯಾಟ್ ತಿಂದು 1500 ಲ್ಯೂಮೆನ್ ಆಸುಪಾಸು ಬೆಳಕು ಕೊಡ್ತದ, ಝೆನಾನ್ ಬಲ್ಬು 35 ವ್ಯಾಟಿನಾಗೇ 3200ರ ಹತ್ರ. ಬೆಳಕು ಜಾಸ್ತಿ ಇದ್ದಾಗ ಗ್ಲಾಸ್ ಮ್ಯಾಲ ಧೂಳು ಕೂತ್ರ ಆ ಬೆಳಕು ಚೆದುರಿ ಎದುರಿಗೆ ಬರೋವ್ನ ಕಣ್ಣಿಗೆ ಹೊಡೀತದ. ಅದಕ್ಕ ಯುರೋಪಿನ ಕಡೆ ನಡಿಯೋ ನಿಯಮದಾಗ 2000 ಲ್ಯೂಮೆನ್ ಮ್ಯಾಲಿನ ಲೋ ಬೀಮ್ ಇದ್ರ ಹೆಡ್‌ಲೈಟ್ ತೊಳಿಯೋ ವ್ಯವಸ್ಥಾ ಇರಲೇಬೇಕು. ಸೂಪರ್ಬಿಗೆ ಝೆನಾನ್ ಇದ್ದದ್ದಕ್ಕ ವಾಷರ್ ಬಂದದ. ಈಗಿನ ಎಷ್ಟೋ ಎಲ್‌ಇಡಿ ಗಾಡಿ 2000ದ ಒಳಗೇ ಇರ್ತಾವ, ಅದಕ್ಕ ಅವಕ್ಕ ಈ ರಗಳಿ ಇಲ್ಲ. ನನ್ನ ಲೆಕ್ಕದಾಗ ಸ್ಟಾಕ್‌ಹೋಮ್‌ನವ್ರಿಗಿಂತ ಸೇಡಂ ರೋಡಿನವ್ರಿಗೇ ಇದು ಜಾಸ್ತಿ ಬೇಕು.

ಇನ್ನೊಂದು, ಇದು ನಂಗ ತಡಾ ಆಗಿ ಗೊತ್ತಾಗಿದ್ದು, ನೀವು ಪೈಲಾ ಮಾಡ್ರಿ. ಡಿಕ್ಕಿ ತಗದು ಸ್ಟೆಪ್ನಿ ಇಡೋ ಗುಂಡ್ಯಾಗ ಒಂದು ಬಿಳಿ ಸ್ಟಿಕರ್ ಇರ್ತದ, ಸರ್ವಿಸ್ ಬುಕ್ಕಿನಾಗೂ ಅದರದ್ದೇ ಜೋಡಿ ಅಂಟಿಸಿರ್ತಾರ. ಅದರಾಗ ಮೂರು ಮೂರು ಅಕ್ಷರದ ಕೋಡ್ ಸಾಲಾಗಿ ಇರ್ತಾವ. ಅಲ್ಲಿ 8ಎಕ್ಸ್1 ಅಂತ ಇದ್ರ ಫ್ಯಾಕ್ಟರಿಯಿಂದನೇ ಹೆಡ್‌ಲ್ಯಾಂಪ್ ವಾಷರ್ ಬಂದದ, 8ಎಕ್ಸ್0 ಇದ್ರ ಬಂದಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್, ಔಡಿ ಎಲ್ಲಾ ಒಂದೇ ಮನಿತನ, ಕೋಡೂ ಒಂದೇ. ಬಣ್ಣದ ಕೋಡ್ ಕೂಡ ಅಲ್ಲೇ ಇರ್ತದ, ಫೋಟೊ ತಗೊಂಡು ಇಟ್ಕೊಳ್ರಿ. ಬಂದೇ ಇಲ್ಲದ ಗಾಡಿಗೆ ಹೊಸದಾಗಿ ಹಾಕಸ್ತೀನಿ ಅಂದ್ರ ಟ್ಯಾಂಕು, ಪಂಪು, ವೈರಿಂಗು ಎಲ್ಲಾ ಬೇಕು, ಆ ಹಾದಿ ಬ್ಯಾರೆ, ನಾ ಹೇಳ್ಲಕತ್ತಿದ್ದು ಇದ್ದದ್ದು ಕಳ್ಕೊಂಡವ್ರಿಗೆ.

ನಾ ಏನು ಮಾಡ್ದೆ? ಸ್ಟಿಕರ್ ನೋಡ್ಲಿಲ್ಲ, ಬಂಪರ್ ಬಿಚ್ಚಿ ನೋಡ್ಲಿಲ್ಲ, ಸೀದಾ ಪಾರ್ಟ್ಸ್ ಕೌಂಟರಿಗೆ ಫೋನ್ ಹಚ್ಚಿದೆ. ಯಾವ ಕೌಂಟರ್, ಯಾವ ಊರು ಅಂತ ಹೇಳಂಗಿಲ್ಲ. ಆರ್‌ಸಿ ಫೋಟೊ ಕಳ್ಸ್ರಿ, ಚಾಸಿ ನಂಬರ್ ಕಳ್ಸ್ರಿ ಅಂದ್ರು, ಕಳಿಸಿದೆ. ಮುಚ್ಚಳ ಒಂದಕ್ಕ ₹1,180, ಎರಡಕ್ಕ ₹2,360, ಸ್ಟಾಕ್ ಇಲ್ಲ, ಪೂರ್ತಿ ಅಡ್ವಾನ್ಸ್, ಒಮ್ಮೆ ತರಿಸಿದ್ರ ವಾಪಸ್ ಇಲ್ಲ, ಹತ್ತು ದಿನ. ಗೂಗಲ್ ಪೇ ಮಾಡ್ದೆ. ದೀಪಾವಳಿ ಬಂತು ಹೋತು. ಹತ್ತು ದಿನ ಇಪ್ಪತ್ತಾತು, ಮೂವತ್ತಾತು. ಫೋನ್ ಮಾಡಿದಾಗೆಲ್ಲಾ "ಟ್ರಾನ್ಸಿಟ್‌ನಾಗ ಅದ ಸರ್" ಅಂತಿದ್ರು. ಐದನೇ ವಾರಕ್ಕ ಬಸ್ ಪಾರ್ಸಲ್ ಬಂತು, ಖುಷೀಲೆ ಬಸ್ ಸ್ಟ್ಯಾಂಡಿಗೆ ಹೋಗಿ ತಂದೆ, ಮನ್ಯಾಗ ಟೇಬಲ್ ಮ್ಯಾಲ ಎರಡೂ ಬಿಚ್ಚಿ ಇಟ್ಟು ನೋಡಿದ್ರ ಎರಡೂ ಒಂದೇ ದಿಕ್ಕಿಗೆ ಬಾಗ್ಯಾವ. ನಾ ಒಂದನ್ನ ತಿರುವಿ ನೋಡ್ದೆ, ಉಲ್ಟಾ ಮಾಡಿ ನೋಡ್ದೆ, ನನ್ನ ಹೆಂಡ್ತಿ ಬಂದು ಒಂದು ಸಲ ನೋಡಿ "ಎರಡೂ ಎಡಗಾಲಿನ ಚಪ್ಪಲಿ ಅವ ಇವು" ಅಂದ್ಲು. ಖರೇ ಇತ್ತು.

ಆಮ್ಯಾಲ ತಿಳ್ಕೊಂಡೆ. ಈ ಕಂಪನಿ ಪಾರ್ಟ್ ನಂಬರಿನಾಗ ಒಂದು ಲೆಕ್ಕ ಅದ. ಮೊದಲ ಮೂರು ಅಕ್ಷರ ಯಾವ ಗಾಡಿದು ಅಂತ, ನನ್ನ ಸೂಪರ್ಬಿಗೆ 3ಟಿ0. ನಡುವಿನ ಮೂರು ಅಂಕಿ ಯಾವ ಭಾಗ ಅಂತ, ವೈಪರ್ ವಾಷರ್ ಸಾಮಾನಿಗೆ 955. ಕೊನಿ ಮೂರು ಅಂಕಿನಾಗ ಕಡೀದು ಬೆಸ ಇದ್ರ ಎಡಗಡೆ, ಸಮ ಇದ್ರ ಬಲಗಡೆ. ಎಡ ಬಲ ಅಂದ್ರ ಡ್ರೈವರ್ ಸೀಟಿನ್ಯಾಗ ಕೂತು ಮುಂದ ನೋಡಿದಾಗ, ಗಾಡಿ ಎದುರಿಗೆ ನಿಂತು ನೋಡಿದಾಗ ಅಲ್ಲ. ಹಿಂದ ಜಿಆರ್‌ಯು ಅಂತ ಇದ್ರ ಬರೇ ಪ್ರೈಮರ್ ಹೊಡದದ, ಬಣ್ಣ ನೀವೇ ಹೊಡಸ್ಕೋಬೇಕು. ನನ್ನ ಬಿಲ್ಲಿನಾಗ ಎರಡೂ ನಂಬರ್ ಬೆಸ ಇದ್ವು, ನಾನೇ ಅವತ್ತು ಎರಡು ನಿಮಿಷ ಓದಿದ್ರ ಅಲ್ಲೇ ಹಿಡೀಬಹುದಿತ್ತು. ಕೌಂಟರಿನವ್ರಿಗೆ ಹೇಳಿದ್ರ ಪೈಲಾ "ನೀವು ಹೇಳಿದ್ದೇ ಹಾಕೀವಿ" ಅಂದ್ರು, ನಾ ವಾಟ್ಸ್ಆ್ಯಪ್‌ನಾಗ "ಎಡ ಒಂದು ಬಲ ಒಂದು" ಅಂತ ಬರದಿದ್ದರ ಸ್ಕ್ರೀನ್‌ಶಾಟ್ ಕಳಿಸಿದ ಮ್ಯಾಲ ಸುಮ್ನಾಗಿ ಬದ್ಲಿ ತರಿಸಿಕೊಟ್ರು, ಅದಕ್ಕ ಇನ್ನ ಎರಡೂವರೆ ವಾರ. ಫೋನ್ಯಾಗ ಮಾತಾಡಿದ್ರೂ ಆಮ್ಯಾಲ ಒಂದು ಸಾಲು ಬರದು ಹಾಕ್ರಿ, ಅದೊಂದೇ ನನ್ನ ಕಡೆ ಇದ್ದ ಸಾಕ್ಷಿ.

ಬಲಗಡೇದು ಬರೋತನ ಇದ್ದ ಎಡಗಡೇದರೆ ಹಾಕ್ಸೋಣು ಅಂತ ರಿಂಗ್ ರೋಡ್ ಮಗ್ಗಲದ ನಮ್ಮ ಗ್ಯಾರೇಜಿಗೆ ಹೋದೆ. ಗ್ಯಾರೇಜ್ ನಡಸೋರಿಗೆ ಎಲ್ಲಾರೂ ಚಾಚಾ ಅಂತಾರ, ನಾನೂ ಅಂತೀನಿ, ಅರವತ್ತರ ಹತ್ರ ವಯಸ್ಸು, ಅಂಬಾಸಡರ್ ಕಾಲದಿಂದ ಕೆಲಸ ಮಾಡ್ಲಕತ್ತಾರ. ಚಾಚಾ ಮುಚ್ಚಳ ಕೈಯಾಗ ತಗೊಂಡು ಹಿಂದ ಮುಂದ ನೋಡಿ, ತೂತಿನಾಗ ಟಾರ್ಚ್ ಬಿಟ್ಟು ನೋಡಿ, ನನ್ನ ಕಡೆ ನೋಡಿ ಕೇಳಿದ್ರು, "ಸಾಬ್, ಟೋಪಿ ತಂದೀರಿ, ತಲಿ ಎಲ್ಲದ?"

ಮುಚ್ಚಳ ಅನ್ನೋದು ಬರೇ ಟೋಪಿ. ಅದರ ಹಿಂದ ಒಂದು ಸಿಲಿಂಡರ್ ಇರ್ತದ, ಮೊಳಕೈ ಉದ್ದ ಇಲ್ಲ, ಗೇಣಿಗಿಂತ ಜರಾ ಜಾಸ್ತಿ. ಪಂಪ್ ಚಾಲೂ ಆದ್ರ ನೀರಿನ ಪ್ರೆಶರಿಗೆ ಒಳಗಿನ ಪಿಸ್ಟನ್ ಸ್ಪ್ರಿಂಗ್ ಒತ್ಕೊಂಡು ಹೊರಗ ಬರ್ತದ, ಪೂರ್ತಿ ಹೊರಗ ಬಂದ ಮ್ಯಾಲ ವಾಲ್ವ್ ಬಿಚ್ಚಿ ತುದಿ ನಾಝಲ್‌ನಿಂದ ನೀರು ಚಿಮ್ಮತದ, ಪಂಪ್ ನಿಂತ್ರ ಸ್ಪ್ರಿಂಗ್ ಎಳದು ಒಳಗ ಹಾಕ್ತದ. ಮೋಟರ್ ಗೀಟರ್ ಏನಿಲ್ಲ, ನೀರೇ ದೂಡ್ತದ, ನೀರೇ ತೊಳೀತದ. ಮುಚ್ಚಳ ಆ ನಾಝಲ್ ತುದಿಗೆ ಕ್ಲಿಪ್ ಆಗಿ ಕೂಡ್ತದ. ಸಿಲಿಂಡರ್ ಇಲ್ಲಂದ್ರ ಮುಚ್ಚಳಕ್ಕ ಹಿಡ್ಕೊಳ್ಳಿಕ್ಕ ಜಾಗಾನೇ ಇಲ್ಲ.

ಬಂಪರ್ ಬಿಚ್ಚೋಣು ಅಂದ್ರು. ಮ್ಯಾಲ ಗ್ರಿಲ್ ಕಡೆ ಸ್ಕ್ರೂ, ಎರಡೂ ಚಕ್ರದ ಒಳಗಿನ ಪ್ಲಾಸ್ಟಿಕ್ ಕಡೆ ಸ್ಕ್ರೂ, ಕೆಳಗ ಒಂದಷ್ಟು, ಆಮ್ಯಾಲ ಫಾಗ್ ಲೈಟಿನ ಕನೆಕ್ಟರ್. ಹುಡುಗ ಒಬ್ಬಾವ ಒಂದೊಂದೇ ಸ್ಕ್ರೂ ತಗದು ಚಹಾದ ಗ್ಲಾಸಿನಾಗ ಹಾಕಿದ, ನಾ ಎಣಿಸಿ ಫೋಟೊ ತಗದೆ. ನೀವೂ ತಗೀರಿ, ಹಾಕೋವಾಗ ಎರಡು ಉಳೀತಾವ, ಯಾವ್ದು ಎಲ್ಲಿಂದು ಅಂತ ಜಗಳ ಆಗ್ತದ.

ಬಂಪರ್ ಕೆಳಗ ಇಳಿಸಿ ನೋಡಿದ್ರ ಬಲಗಡೆ ಸಿಲಿಂಡರ್ ನಡುವೇ ಮುರದು ಅರ್ಧ ಉಳದದ, ಎಡಗಡೇದು ಇಲ್ಲವೇ ಇಲ್ಲ. ಎಡಗಡೆ ಪೈಪಿನ ಬಾಯಿಗೆ ಒಂದು ತುಕ್ಕು ಹಿಡದ ಬೋಲ್ಟ್ ತುರುಕಿ, ಮ್ಯಾಲ ಬೈಂಡಿಂಗ್ ವೈರ್ ಸುತ್ತಿ, ಅದರ ಮ್ಯಾಲ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಗಂಟು ಹಾಕ್ಯಾರ. ಚಾಚಾ ಅದನ್ನ ನೋಡಿ ನಕ್ಕು "ಯಾರೋ ಛಲೋ ಕೆಲಸಗಾರ" ಅಂತ ಮೆಚ್ಕೊಂಡೇ ಬಿಚ್ಚಿದ್ರು, ಬಿಚ್ಚಿದ ಕೂಡ್ಲೆ ಟ್ಯಾಂಕಿನ ನೀರು ಸೀದಾ ಅವ್ರ ತೋಳಿಗೆ. ವರ್ಷಗಟ್ಟಲೆ ನಿಂತ ನೀರು, ಹಸರ ಬಣ್ಣ, ಬಾವಿ ಪಾಚಿ ವಾಸನಿ. ಬಿಚ್ಚೋಕಿಂತ ಮೊದ್ಲು ಟ್ಯಾಂಕ್ ಖಾಲಿ ಮಾಡ್ರಿ ಇಲ್ಲಾ ಪೈಪ್ ಹಿಡಿಚಿ ಕ್ಲ್ಯಾಂಪ್ ಹಾಕ್ರಿ.

ಅವತ್ತಿನ ಮಜೂರಿ ₹700. ಗಾಡಿಗೆ ಬಂದದ್ದು ಏನೂ ಇಲ್ಲ, ಬಂಪರ್ ಬಿಚ್ಚಿ ಮತ್ತ ಹಾಕಿದ್ದು ಅಷ್ಟೇ. ಆ ಮುರದ ಬಲಗಡೆ ಸಿಲಿಂಡರ್ ತಗದು ಕ್ಯಾರಿಬ್ಯಾಗಿನಾಗ ಹಾಕ್ಕೊಂಡು ಬಂದೆ. ಹೊಸ ಸಿಲಿಂಡರ್ ರೇಟ್ ಕೇಳಿದ್ರ ಒಂದಕ್ಕ ₹7,400 ಅಂದ್ರು, ಎರಡಕ್ಕ ₹14,800. ಅವತ್ತು ರಾತ್ರಿ ನಂಗ ನಿಜವಾಗ್ಲೂ ಸಾಕಾಗಿತ್ತು, ಆ ಎರಡು ತೂತಿಗೆ ಎಂ-ಸೀಲ್ ಮೆತ್ತಿ ಬಣ್ಣ ಹೊಡದುಬಿಡೋಣು ಅನ್ನಿಸ್ತು. ಹದಿನೈದು ವರ್ಷದ ಗಾಡಿಗೆ ಯಾರು ಇಷ್ಟು ಮಾಡ್ತಾರ ಅಂತ ಹೆಂಡ್ತಿ ಕೇಳಿದ್ಲು, ಅದಕ್ಕ ನನ್ನ ಹತ್ರ ಉತ್ತರ ಇದ್ದಿಲ್ಲ, ಈಗ್ಲೂ ಇಲ್ಲ. ಒಮ್ಮೆ ತಲ್ಯಾಗ ಹೊಕ್ಕಿತ್ತು, ಅಷ್ಟೇ.

ಹಳೆ ಪಾರ್ಟ್ಸಿಗೆ ಹೈದ್ರಾಬಾದಿಗೆ ಹೋಗೋದು ನಮ್ಮ ಕಡೆಯವ್ರಿಗೆ ಹೊಸಾದಲ್ಲ. ಒಂದು ರವಿವಾರ ಬಿಟ್ಟು ಸೋಮವಾರ ರಜಾ ಹಾಕಿದೆ, ರವಿವಾರ ಎಷ್ಟೋ ಅಂಗಡಿ ಬಂದ್ ಇರ್ತಾವ. ನಸುಕಿನ್ಯಾಗ ಟ್ರೈನ್, ವಾಡಿ ದಾಟಿದ ಮ್ಯಾಲ ನಿದ್ದಿ, ತಾಂಡೂರಿನ್ಯಾಗ ಚಹಾ. ರಾಣಿಗಂಜ್ ಕಡೆ ಪೈಲಾ ಸುತ್ತಿದೆ, ಅಲ್ಲಿ ಹೊಸ ಸಾಮಾನೇ ಜಾಸ್ತಿ, ಅಲ್ಲಿಂದ ಒಬ್ಬರು ಇನ್ನೊಬ್ಬರ ವಿಳಾಸ ಕೊಟ್ಟು, ಅವ್ರು ಮತ್ತೊಬ್ಬರದು ಕೊಟ್ಟು, ಮಧ್ಯಾಹ್ನ ಎರಡಕ್ಕ ಒಂದು ಓಣ್ಯಾಗ ಸ್ಕ್ರ್ಯಾಪ್ ಅಂಗಡಿ ಮುಟ್ಟಿದೆ. ಅಂಗಡಿಯವ್ರು ಗೋಡಾಕ್ಕ ತೂಗು ಹಾಕಿದ್ದ ಒಂದು ಜೋಡಿ ಇಳಿಸಿ "ಲಾರಾದ್ದು, ಸೇಮ್ ಟು ಸೇಮ್" ಅಂದ್ರು. ಲಾರಾ ಅಂದ್ರ ಸ್ಕೋಡಾದ್ದೇ ಇನ್ನೊಂದು ಗಾಡಿ. ನನ್ನ ಕ್ಯಾರಿಬ್ಯಾಗಿನಾಗಿಂದ ಮುರದದ್ದು ತಗದು ಮಗ್ಗಲಕ್ಕ ಇಟ್ಟೆ. ನಳಿಕಿ ಒಂದೇ ತರ ಕಾಣ್ತದ, ಆದ್ರ ಬಂಪರಿಗೆ ಕೂಡೋ ಕಿವಿ ಬ್ಯಾರೆ. ಅವ್ರೂ ನೋಡಿದ್ರು, ಏನೂ ಅನ್ಲಿಲ್ಲ, ಒಳಗ ಹೋಗಿ ಹತ್ತು ನಿಮಿಷ ಸಾಮಾನು ದೂಡಾಡಿ ಸೂಪರ್ಬಿನದೇ ಜೋಡಿ ತಂದ್ರು. ಆ ಮುರದ ತುಂಡು ಒಯ್ದಿದ್ದಿಲ್ಲಂದ್ರ ನಾ ಲಾರಾದ್ದೇ ತಗೊಂಡು ಬರ್ತಿದ್ದೆ.

ಹಳೆ ಸಿಲಿಂಡರ್ ತಗೊಳ್ಳೋವಾಗ ಹೆಂಗ ನೋಡಬೇಕು ಅಂದ್ರ, ನಾಝಲ್ ತುದಿ ಹಿಡದು ನಿಧಾನಕ್ಕ ಪೂರ್ತಿ ಹೊರಗ ಎಳೀರಿ, ಬಿಟ್ರ ತಾನೇ ಒಳಗ ಹೋಗಬೇಕು, ನಡುವ ಎಲ್ಲೂ ನಿಂದ್ರಬಾರ್ದು. ಒಂದು ಜೋಡ್ಯಾಗ ಎಡಗಡೇದು ಅರ್ಧಕ್ಕ ನಿಂತ್ತು, ಬ್ಯಾಡ ಅಂದೆ. ಎರಡನೇ ಜೋಡಿ ಚೊಲೋ ಇತ್ತು. ಅಂಗಡಿ ಹುಡುಗ ಮಗ್ಗಲದ ಪಂಕ್ಚರ್ ಅಂಗಡಿ ಗಾಳಿ ಪೈಪ್ ತಂದು ಜರಾ ಜರಾ ಗಾಳಿ ಬಿಟ್ಟ, ಟಕ್ ಅಂತ ಹೊರಗ ಬಂತು, ಬಂದು ನಾಝಲ್‌ನಿಂದ ಸೀಟಿ ಹೊಡೀತು, ಗಾಳಿ ತಗದ ಕೂಡ್ಲೆ ಸರ್ ಅಂತ ಒಳಗ. ಆಮಿ ತಲಿ ಒಳಗ ಎಳ್ಕೊಂಡಂಗ. ನಾ ಇನ್ನೊಂದು ಸಲ ಮಾಡ್ಲಿಕ್ಕ ಹಚ್ಚಿದೆ, ಕೆಲಸಕ್ಕಲ್ಲ, ನೋಡ್ಲಿಕ್ಕ. ₹6,000 ಹೇಳಿದ್ರು, ₹4,200ಕ್ಕ ಬಂತು. ಹೋಗಿ ಬರೋ ಖರ್ಚು ಊಟ ಆಟೊ ಸೇರಿ ₹900.

ಡಿಸೆಂಬರ್ ಮೊದಲ ವಾರಕ್ಕ ಬಲಗಡೆ ಮುಚ್ಚಳನೂ ಬಂತು. ಪೇಂಟಿಂಗಿಗೆ ಕೊಟ್ಟೆ, ಎರಡಕ್ಕ ₹800. ಕ್ಯಾಪುಚಿನೊ ಬೇಜ್ ಅಂದ್ರ ಪೇಂಟರ್ ತಿಳ್ಕೊಂಡಿದ್ದು ಬ್ಯಾರೆ, ಸಾದಾ ಬಿಸ್ಕೀಟ್ ಬಣ್ಣ ಹೊಡದು ಕೊಟ್ಟ, ಇದರಾಗ ಮೆಟ್ಯಾಲಿಕ್ ಕಣ ಇರ್ತದ. ಸ್ಟಿಕರಿನ ಕೋಡ್ ಆಗ ನೆನಪಾತು, ಅದರ ಫೋಟೊ ಒಯ್ದು ತೋರ್ಸಿದ ಮ್ಯಾಲ ಕೋಡ್ ಪ್ರಕಾರ ಬಣ್ಣ ಕೂಡಿಸಿ ಮತ್ತ ಹೊಡದ, ರೊಕ್ಕ ಕೇಳ್ಲಿಲ್ಲ. ಆದ್ರೂ 15 ವರ್ಷ ನಮ್ಮ ಬಿಸಿಲು ತಿಂದ ಬಂಪರ್ ಎಲ್ಲಿ, ಹೊಸ ಬಣ್ಣ ಎಲ್ಲಿ. ನೆಳ್ಳಾಗ ಗೊತ್ತಾಗಂಗಿಲ್ಲ, ಮಧ್ಯಾಹ್ನ ಗೊತ್ತಾಗ್ತದ.

ಇದರ ನಡುವೇ ಆರ್‌ಸಿ ಕೆಲಸನೂ ಮುಗಿಸಿದೆ. ಅವಧಿ ಮುಗಿಯೋಕಿಂತ 60 ದಿನ ಮೊದ್ಲಿಂದ ಅರ್ಜಿ ಹಾಕಬಹುದು, ಫಾರ್ಮ್ 25, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಕಾರಿಗೆ ರಿನ್ಯೂವಲ್ ಫೀ ₹5,000, ಗ್ರೀನ್ ಟ್ಯಾಕ್ಸ್ ಬ್ಯಾರೆ. ಇನ್ಸ್‌ಪೆಕ್ಟರ್ ಹೆಡ್‌ಲೈಟ್ ಹಚ್ಚಿ ನೋಡಿದ್ರು, ಇಂಡಿಕೇಟರ್ ನೋಡಿದ್ರು, ಚಾಸಿ ನಂಬರ್ ನೋಡಿದ್ರು, ಬಂಪರಿನ ತೂತು ಆಗ ಇನ್ನ ಹಂಗೇ ಇದ್ವು, ಅದರ ಕಡೆ ತಿರುಗೂ ನೋಡ್ಲಿಲ್ಲ. ಅಂದ್ರ ಬರೇ ಆರ್‌ಸಿ ಸಲುವಾಗಿ ನೀವು ಇದನ್ನೆಲ್ಲಾ ಮಾಡಸ್ಲಕತ್ತಿದ್ರ ಅದರ ಜರೂರತ್ತಿಲ್ಲ.

ಮತ್ತ ಗ್ಯಾರೇಜ್, ಮತ್ತ ಬಂಪರ್ ಇಳಿಸಿದ್ವಿ, ಮತ್ತ ₹700. ಸಿಲಿಂಡರ್ ಎರಡೂ ಬರೊಬ್ಬರಿ ಕೂತ್ವು. ಹಳೆ ಪೈಪ್ ಕೈ ಮುಟ್ಟಿದ್ರ ಪಟಪಟ ಮುರೀತಿತ್ತು, ಹೊಸ ಪೈಪು, ನಡುವಿನ ಟಿ ಜಾಯಿಂಟು, ಕ್ಲಿಪ್ ಸೇರಿ ₹380. ಗಾಡಿ ಚಾಲೂ ಮಾಡಿ ವೈಪರ್ ಕಡ್ಡಿ ಎಳದೆ. ಗ್ಲಾಸ್ ಮ್ಯಾಲ ನೀರು ಬಂತು, ಹೆಡ್‌ಲೈಟಿಗೆ ಬರ್ಲಿಲ್ಲ. ಆಮ್ಯಾಲ ನೆನಪಾತು ಲೋ ಬೀಮ್ ಹಚ್ಚಿರಬೇಕು, ಹಗಲಿಗೆ ಲೈಟ್ ಇಲ್ಲದ ಅದು ಕೆಲಸ ಮಾಡಂಗಿಲ್ಲ. ಲೈಟ್ ಹಚ್ಚಿ ಎಳದೆ. ಬರ್ಲಿಲ್ಲ. ಟ್ಯಾಂಕಿಗೆ ಎರಡು ಪಂಪು ಇರ್ತಾವ, ಸಣ್ಣದು ಗ್ಲಾಸಿಗೆ, ದೊಡ್ಡದು ಹೆಡ್‌ಲೈಟಿಗೆ. ಚಾಚಾ ದೊಡ್ಡ ಪಂಪಿನ ಕನೆಕ್ಟರ್ ತಗದು ಬ್ಯಾಟರಿಯಿಂದ ಸೀದಾ ವೈರ್ ಕೊಟ್ರು, ಗುಂಯ್ ಅನ್ನಬೇಕಿತ್ತು, ಸುದ್ದಿಲ್ಲ.

ಪಂಪ್ ಹೊರಗ ತಗದ್ರು. ಬಾಯ್ಯಾಗ ಬಿಳಿ ಗಟ್ಟಿ ಹರಳು, ಸ್ಕ್ರೂಡ್ರೈವರ್ ತುದೀಲೆ ಕೆದರಿದ್ರ ಸುಣ್ಣದ ಕಲ್ಲು ಕೆದರಿದಂಗ ಪುಡಿ ಉದುರ್ತದ. ಇಲ್ಲೇ ನಾ ಮೊದ್ಲು ಹೇಳಿದ್ದು. ನಮ್ಮ ನೆಲ ಎಲ್ಲಾ ಸುಣ್ಣದ ಕಲ್ಲು, ಶಹಾಬಾದ್ ಫರಸಿ ಆಗಿದ್ದೂ ಅದೇ ಕಲ್ಲು, ಸಿಮೆಂಟ್ ಆಗೋದೂ ಅದೇ, ನಮ್ಮ ಬೋರಿನ ನೀರಿನ್ಯಾಗ ಕರಗಿರೋದೂ ಅದೇ. ಪಾತೇಲ್ಯಾಗ ನೀರು ಕುದಿಸಿದ್ರ ತಳಕ್ಕ ಬಿಳಿ ಪೊರೆ ಕೂಡ್ತದಲ್ಲ, ಅದು ಹದಿನೈದು ವರ್ಷ ಪಂಪಿನ ಒಳಗ ಕೂತದ. ಲಿಂಬಿಹಣ್ಣಿನ ರಸದಾಗ ರಾತ್ರಿಯೆಲ್ಲಾ ನೆನಿ ಇಟ್ರು, ಬೆಳಗ್ಗೆ ಹರಳು ಬಿಟ್ಟಿತ್ತು ಆದ್ರ ಮೋಟರ್ ಸುಟ್ಟಿತ್ತು. ಹೊರಗಿನ ಕಂಪನಿ ಪಂಪ್ ಆನ್‌ಲೈನ್ ತರಿಸಿದೆ, ₹1,650, ಹನ್ನೊಂದು ದಿನಕ್ಕ ಬಂತು.

ಹೊಸ ಪಂಪಿಗೆ ಬ್ಯಾಟರಿಯಿಂದ ಸೀದಾ ಕರೆಂಟ್ ಕೊಟ್ರ ಎರಡೂ ಕಡೆ ನಾಝಲ್ ಹೊರಗ ಬಂದು ಚಿಮ್ತು, ಗ್ಯಾರೇಜ್ ಹುಡುಗೂರು ಎಲ್ಲಾ ಓಡಿ ಬಂದ್ರು. ಕನೆಕ್ಟರ್ ಹಾಕಿ ಒಳಗಿಂದ ಕಡ್ಡಿ ಎಳದ್ರ ಮತ್ತ ಏನಿಲ್ಲ. ಫ್ಯೂಸ್ ನೋಡಿದ್ರು, ಸರಿ ಅದ. ವೈರ್ ನೋಡಿದ್ರು, ಸರಿ ಅದ. ಚಾಚಾ ಕೈ ಒರೆಸ್ಕೊಂಡು "ಇದು ಪಾನಾ ಕೆಲಸ ಅಲ್ಲ ಸಾಬ್, ಲ್ಯಾಪ್‌ಟಾಪ್ ಕೆಲಸ" ಅಂದ್ರು. ಅವತ್ತು ಸಂಜಿ ಮನಸ್ಸಿಗೆ ಬ್ಯಾಸರಾಗಿ ಮಾಮಾಗ ಫೋನ್ ಹಚ್ಚಿದೆ, ಬ್ಯಾರೆ ಏನೋ ಮಾತಾಡ್ಲಿಕ್ಕ, ನಡುವ ಇದೂ ಬಂತು.

"ಆ ಎರಡು ಮುಚ್ಚಳ ಏನು? ಅದನ್ನ ನಾನೇ ಬಂದ್ ಮಾಡ್ಸೀನಿ," ಅಂದ್ರು ಮಾಮಾ, ಆರಾಮ್ ಆಗಿ. "ಒಂದು ಸಲ ಎಮ್ಮಿ ಬಡದು ಮುರೀತು. ಮುರೀದಿದ್ರೂ ಬಂದ್ ಮಾಡಸ್ತಿದ್ದೆ, ಹೊಡದಾಗೊಮ್ಮೆ ಟ್ಯಾಂಕಿನ ನೀರೆಲ್ಲಾ ಕುಡೀತಿತ್ತು. ಒಬ್ಬ ಹುಡುಗ ಕಂಪ್ಯೂಟರ್ ಹಚ್ಚಿ ಆಫ್ ಮಾಡಿಕೊಟ್ಟ."

"ನಂಗ ಹೇಳ್ಬಾರ್ದೇನ್ರಿ ಮಾಮಾ?"

"ನೀ ಎಲ್ಲಿ ಕೇಳಿದಿ?"

ಅದಕ್ಕ ಹೇಳ್ಲಕತ್ತೀನಿ, ಹಳೆ ಗಾಡಿ ಯಾರ ಕಡಿಂದ ತಗೊಂಡೀರೋ ಅವ್ರಿಗೆ ಪೈಲಾ ಒಂದು ಫೋನ್ ಹಚ್ರಿ. ಇದು ಗೊತ್ತಿದ್ರ ಮೊದಲ ದಿನವೇ ಗೊತ್ತಾಗ್ತಿತ್ತು ಸಿಲಿಂಡರ್ ಇಲ್ಲ, ಕೋಡಿಂಗ್, ಅಂದ್ರ ಗಾಡಿ ಕಂಪ್ಯೂಟರಿನ ಸೆಟ್ಟಿಂಗ್, ಆಫ್ ಅದ ಅಂತ. ಈ ಗಾಡ್ಯಾಗ ವಾಷರ್ ಅದನೋ ಇಲ್ಲೋ ಅನ್ನೋದು ಸೆಂಟ್ರಲ್ ಇಲೆಕ್ಟ್ರಿಕ್ಸ್ ಅನ್ನೋ ಮಾಡ್ಯೂಲಿನಾಗ, ಅಂದ್ರ ಗಾಡಿ ಒಳಗಿನ ಒಂದು ಸಣ್ಣ ಕಂಪ್ಯೂಟರಿನಾಗ, ಬರದಿರ್ತದ, ಸ್ಕ್ಯಾನರಿನಾಗ ಅದು 09 ನಂಬರ್, ಅಲ್ಲಿ ಟಿಕ್ ಇರಬೇಕು. ಇಲ್ಲಂದ್ರ ಪಂಪಿಗೆ ಹುಕುಮೇ ಹೋಗಂಗಿಲ್ಲ. ಹೊಸ ವರ್ಷ ಆದ ಮ್ಯಾಲ ಲ್ಯಾಪ್‌ಟಾಪ್ ಇಟ್ಕೊಂಡು ಬರೋ ಒಬ್ಬ ಹುಡುಗ ಸಿಕ್ಕ, ಕೆಲಸ ನಾಲ್ಕು ನಿಮಿಷ, ರೊಕ್ಕ ₹500. ಟಿಕ್ ಹಾಕೋಕಿಂತ ಮೊದ್ಲು ಹಳೆ ಕೋಡಿಂಗ್ ಸಾಲು ಬರದಿಟ್ಕೊಳ್ಳಿಕ್ಕ ಹೇಳ್ರಿ, ತಪ್ಪಿದ್ರ ವಾಪಸ್ ಹಾಕ್ಲಿಕ್ಕ ಬೇಕಾಗ್ತದ.

ಟಿಕ್ ಹಾಕಿದ. ಲೈಟ್ ಹಚ್ಚಿ ಕಡ್ಡಿ ಎಳದೆ. ಎರಡೂ ಕಡೆ ಟಕ್ ಅಂತ ತಲಿ ಹೊರಗ ಹಾಕಿ ಚಿಮ್ಮಿ ಒಳಗ ಹೋದ್ವು. ಹುಚ್ಚು ಖುಷಿ ಆತು ನೋಡ್ರಿ, ಸಣ್ಣ ಹುಡುಗನಂಗ. ಮನಿಗೆ ಬಂದು ಗಾಡಿ ಆಫ್ ಮಾಡ್ದೆನೇ ಹೆಂಡ್ತಿ ಮಗಳು ಇಬ್ಬರಿಗೂ ಹೊರಗ ಕರದು ಮುಂದ ನಿಂದ್ರಿಸಿ, "ನೋಡ್ರಿ ಈಗ" ಅಂತ ಕಡ್ಡಿ ಎಳದೆ. ಗ್ಲಾಸಿಗೆ ಮಾತ್ರ ನೀರು ಬಂತು. ಮತ್ತೊಮ್ಮೆ ಎಳದೆ, ಗ್ಲಾಸಿಗೇ ಬಂತು. ಮೂರನೇ ಸಲ. ಹೆಂಡ್ತಿ ಕುಕ್ಕರ್ ಸೀಟಿ ಹೊಡೀತು ಅಂತ ಒಳಗ ಹೋದ್ಲು. ನನ್ನ ಎದಿ ಧಸಕ್ ಅಂತು, ಮತ್ತ ಬಂಪರ್ ಇಳಿಸ್ಬೇಕೇನೋ ಅಂತ. ಬ್ಯಾಸರದಾಗ ಇನ್ನೊಂದು ಸಲ ಎಳದೆ, ಆಗ ಬಂತು, ಸೀದಾ ಮಗಳ ಫ್ರಾಕಿನ ಮ್ಯಾಲ. ವಿಷಯ ಏನಂದ್ರ ನೀರು ಉಳಿಸ್ಲಿಕ್ಕ ಅದು ಪ್ರತಿ ಸಲ ಹೊಡಿಯಂಗಿಲ್ಲ, ಇಗ್ನಿಷನ್ ಆನ್ ಮಾಡಿದ ಮ್ಯಾಲ ಮೊದಲನೇ ಸಲ, ಆಮ್ಯಾಲ ನನ್ನ ಗಾಡ್ಯಾಗ ಐದು ಸಲಕ್ಕೊಮ್ಮೆ. ಟೆಸ್ಟ್ ಮಾಡೋರು ಗಾಡಿ ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡ್ರಿ, ಸುಮ್ನ ಗಾಬರಿ ಆಗಬ್ಯಾಡ್ರಿ.

ಗಾಬರಿ ಆಗೋದು ಇನ್ನೊಂದು ಉಳದಿತ್ತು. ಮರುದಿನ ಬೆಳಗ್ಗೆ ಗಾಡಿ ಕೆಳಗ ಫರಸಿ ಮ್ಯಾಲ ನೀರಿನ ಗುರುತು. ಟಿ ಜಾಯಿಂಟಿನ ಒಂದು ಕ್ಲಿಪ್ ಸರಿ ಕೂತಿದ್ದಿಲ್ಲ, ಈ ಪಂಪಿನ ಪ್ರೆಶರಿಗೆ ಸಾದಾ ಕ್ಲಿಪ್ ತಡಿಯಂಗಿಲ್ಲ, ಸ್ಕ್ರೂ ಕ್ಲಿಪ್ ಹಾಕಬೇಕು. ಪುಣ್ಯಕ್ಕ ಚಕ್ರದ ಕಡೆ ಪ್ಲಾಸ್ಟಿಕ್ ಸರಿಸಿ ಕೈ ಹಾಕಿದ್ರ ಸಿಗ್ತಿತ್ತು, ಬಂಪರ್ ಇಳಿಸೋದು ತಪ್ಪಿತು. ಚಾಚಾ ಕಡೀಕ ಫಿಟ್ಟಿಂಗಿನ ಎಲ್ಲಾ ಸೇರಿ ₹600 ತಗೊಂಡ್ರು, ಮೊದಲಿನ ಎರಡು ಏಳುನೂರು ಕೂಡಿಸಿದ್ರ ₹2,000.

ಒಟ್ಟು ₹12,790 ಆತು, ಆರ್‌ಸಿ ಖರ್ಚು ಬಿಟ್ಟು. ಮೊದಲೇ ಬಂಪರ್ ಬಿಚ್ಚಿ ನೋಡಿ, ಮಾಮಾಗ ಕೇಳಿ, ಎಲ್ಲಾ ಸಾಮಾನು ಒಮ್ಮೆ ತಂದಿದ್ರ ಒಂದು ಸಲದ ಮಜೂರಿ ಉಳೀತಿತ್ತು, ರೊಕ್ಕಕ್ಕಿಂತ ಜಾಸ್ತಿ ಆ ಎರಡು ತಿಂಗಳು ಉಳೀತಿತ್ತು.

ಈಗ ಟ್ಯಾಂಕಿಗೆ ಬೋರ್ ನೀರು ಹಾಕೋದು ಬಿಟ್ಟೀನಿ. ಮನ್ಯಾಗಿನ ಆರ್‌ಒ ನೀರು, ಅದರಾಗ ವಾಷರ್ ಲಿಕ್ವಿಡ್ ಒಂದು ಮುಚ್ಚಳ, ಊರಿಗೆ ಹೋಗೋವಾಗ ಇನ್ವರ್ಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದು ಡಿಕ್ಯಾಗ. ಶಾಂಪೂ, ಪಾತ್ರಿ ತೊಳಿಯೋ ಸೋಪ್ ಹಾಕಬ್ಯಾಡ್ರಿ, ನೊರೆ ಆಗಿ ನಾಝಲ್ ಕಟ್ತದ. ನಾಝಲ್ ಕಟ್ಟಿದ್ರ ತೆಳ್ಳನ ಸೂಜಿ ಸಾಕು, ದಬ್ಬಣ ಹಾಕಿ ತೂತು ದೊಡ್ಡದು ಮಾಡಬ್ಯಾಡ್ರಿ. ಗಾಡಿ ತೊಳಿಯೋ ಹುಡುಗೂರಿಗೆ ಮೊದಲೇ ಹೇಳ್ರಿ ಆ ಮುಚ್ಚಳದ ಮ್ಯಾಲ ಪ್ರೆಶರ್ ಪೈಪ್ ಹಿಡೀಬ್ಯಾಡ್ರಿ ಅಂತ, ಹಾರಿ ಹೋತಂದ್ರ ಮತ್ತ ಐದು ವಾರ. ನಾ ಎರಡೂ ಮುಚ್ಚಳದ ಒಳಗಡೆಯಿಂದ ಮೀನಿನ ಗಾಳದ ನೈಲಾನ್ ದಾರ ಸಿಲಿಂಡರಿಗೆ ಕಟ್ಟೀನಿ, ಕಿತ್ರೂ ಜೋತಾಡ್ತದ, ಕಳಿಯಂಗಿಲ್ಲ.

ಬಲಗಡೆ ಮುಚ್ಚಳ ಒಂದು ಕೂದಲೆಳಿ ಹೊರಗೇ ನಿಂದ್ರತದ, ಅದನ್ನ ಹಂಗೇ ಬಿಟ್ಟೀನಿ. ಎಡಗಡೆ ಪೈಪಿಗೆ ತುರುಕಿದ್ದ ಆ ತುಕ್ಕಿನ ಬೋಲ್ಟು ಒಗೀತೀನಿ ಅಂದ್ರ ಚಾಚಾ ಬಿಡ್ಲಿಲ್ಲ, ಎಣ್ಣಿ ಒರೆಸಿ ತಮ್ಮ ಡಬ್ಬ್ಯಾಗ ಹಾಕಿಟ್ಕೊಂಡಾರ, ಬ್ಯಾಸರಾದ್ರ ಬರ್ರಿ ಸಾಬ್, ಇದು ಇಲ್ಲೇ ಇರ್ತದ ಅಂದಾರ.